ಲಾಮಾಗಳಿಗೆ ಹಾಕಿದ ಬೇಲಿ

ಮೇಗುಂದ,
೧೯ ಜನವರಿ ೨೦೨೫

ಪ್ರೀತಿಯ ದಾಕ್ಷಾಯಣಿ,

ನಿನ್ನ ಮಂಡಿನೋವು ಹೇಗಿದೆ? ಸೌಂದರ್ಯಾಳ ಬೆನ್ನಿಗೆ ಎಣ್ಣೆ ಹಚ್ಚುವ ಭರದಲ್ಲಿ ನಿನ್ನ ಮಂಡಿಯನ್ನು ಮರೆಯಬೇಡ. ಮೊಮ್ಮಗಳು ಬೋರಲು ಬೀಳುತ್ತಾಳಂತೆ, ಕೇಳಿ ಖುಷಿಯಾಯಿತು. ಮೂರು ತಿಂಗಳ ಬಾಣಂತನಕ್ಕೆಂದು ಉಡುಪಿಗೆ ಹೋದವಳು ನೀನು; ಈಗ ಐದಾಯಿತು. ಮಗುವಿಗೆ ವರ್ಷ ತುಂಬುವವರೆಗೆ ಇರು ಎಂದು ಮಗಳು ಕೇಳುತ್ತಿದ್ದಾಳೆ, ಅದೂ ಗೊತ್ತು. ಫೋನಿನಲ್ಲಿ ಮಾತಾಡೋಣವೆಂದರೆ ಅಲ್ಲಿ ಸ್ಪೀಕರ್ ಹಾಕಿಕೊಂಡೇ ಮಾತು, ಅಳಿಯನೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಈ ಕಾಗದ.

ಕಡೆಗೂ ಲಾಮಾಗಳು ಬಂದವು. ಶೃಂಗೇರಿ ದಾರಿಯ ಹೋಂಸ್ಟೇ ಮುಚ್ಚಿದ ಹರೀಶ ಎರಡನ್ನೂ ಪಿಕಪ್ಪಿನಲ್ಲಿ ತಂದು ಇಳಿಸಿಹೋದ. ಡುಬ್ಬವಿಲ್ಲದ ಒಂಟೆಗೆ ಕುರಿಯ ಉಣ್ಣೆ ಹೊದಿಸಿದ ಹಾಗಿವೆ. 'ನಿಮಗೆಂತ ಮರುಳಾ?' ಎಂದು ನೀನು ಬೈದದ್ದು ಸರಿಯೇ. ನೀನಿಲ್ಲದ ಮನೆಯಲ್ಲಿ ಏನಾದರೂ ಜೀವ ಓಡಾಡಿಕೊಂಡಿರಲಿ ಎಂದು ಒಪ್ಪಿಕೊಂಡುಬಿಟ್ಟೆ. ದನಕ್ಕೆ ಹಾಕುವ ಹಾಗೆ ಮುಳ್ಳುತಂತಿ ಎಳೆದು, ಬಿದಿರಿನ ಗಳು ಅಡ್ಡ ಹಾಕುವ ನಮ್ಮ ಹಳೆಯ ದಣಪೆಯನ್ನೇ ಬಾಗಿಲಾಗಿ ಉಳಿಸಿಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಗಂಡು ತಂತಿಯ ನಡುವೆ ಕತ್ತು ತೂರಿಸಿ, ಉಣ್ಣೆ ಸಿಕ್ಕಿಸಿಕೊಂಡು ನಿಂತಿತ್ತು. ಬಿಡಿಸಲು ಹೋದವನ ಮುಖಕ್ಕೆ ಉಗಿಯಿತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನೀನೂ ಅಷ್ಟು ಮಾಡಿರಲಿಲ್ಲ. ಮುಳ್ಳುತಂತಿ ಕಿತ್ತು ಆಳೆತ್ತರದ ಜಾಲರಿ ಹಾಕಿಸಿದೆ. ಬೀದಿನಾಯಿಗಳು ನುಸುಳದ ಹಾಗೆ ಬುಡಕ್ಕೆ ಕಲ್ಲು ಜೋಡಿಸಿದೆ. ದಣಪೆಯ ಜಾಗದಲ್ಲಿ ಈಗ ಕಬ್ಬಿಣದ ಗೇಟು.

ಬೇಲಿಯೇನೋ ಭದ್ರವಾಯಿತು. ಆದರೆ ಆಚೆಮನೆ ಜಲಜಮ್ಮ ಡೈರಿಗೆ ಹಾಲು ಒಯ್ಯುತ್ತಿದ್ದ ಕಾಲುದಾರಿ ಅದರೊಳಗೇ ಸೇರಿಹೋಯಿತು. ದಿನಾ ದಣಪೆ ದಾಟುವಾಗ 'ಎಂತ ಅಡಿಗೆ ಇವತ್ತು?' ಎಂದು ಕೇಳಿ, ನನ್ನ ಸಾರಿನ ಕಥೆಗೆ ನಕ್ಕು ಹೋಗುತ್ತಿದ್ದರು. ಈಗ ರಸ್ತೆಯ ಮೇಲೆ ಸುತ್ತು ಹಾಕುತ್ತಾರೆ. ಗೇಟು ತೆಗೆದುಕೊಡುತ್ತೇನೆ, ಬನ್ನಿ ಎಂದೆ. 'ಆ ಪ್ರಾಣಿ ಉಗಿತದಂತಲ್ಲ ಮಾರಾಯ್ರೆ, ನಾ ಬರಲ್ಲ' ಎಂದರು. ಇವತ್ತು ಬೆಳಗಿನಿಂದ ನಾನು ಬಾಯಿಬಿಟ್ಟದ್ದು ಲಾಮಾಗಳನ್ನು ಗದರಲು ಮಾತ್ರ. ತುಂಬಾ ಬೇಸರವಾಗುತ್ತದೆ ದಾಕ್ಷಾಯಣಿ. ಅವಾದರೂ ಒಂದಕ್ಕೊಂದು ಇವೆ. ಹೆಣ್ಣು ಮೇಯುತ್ತ ಕೊಟ್ಟಿಗೆಯ ಹಿಂದೆ ಮರೆಯಾದರೆ ಸಾಕು, ಗಂಡು ಹೂಂ ಹೂಂ ಎನ್ನುತ್ತ ಹುಡುಕಿಕೊಂಡು ಹೋಗುತ್ತದೆ. ನಾನು ನೋಡುತ್ತ ನಿಲ್ಲುತ್ತೇನೆ.

ಅಳಿಯನನ್ನು ಕೇಳಿದೆನೆಂದು ಹೇಳು. ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಬಿಸಿನೀರಿನ ಶಾಖ ಬಿಡಬೇಡ.

ಇತಿ ನಿನ್ನ,
ಸುಬ್ಬರಾಯ

ವಿ.ಸೂ.: ನಿನ್ನೆ ಸೌಂದರ್ಯಾ ಫೋನಿನಲ್ಲಿ, 'ಅಮ್ಮ ಇಲ್ಲೇ ಇರ್ಲಾ ಅಪ್ಪಯ್ಯ, ನಿಂಗೆ ಕಷ್ಟ ಆಗ್ತದಾ?' ಎಂದು ಕೇಳಿದಳು. 'ಎಂತ ಕಷ್ಟ, ಇರ್ಲಿ ಬಿಡು' ಎಂದೆ. ನೀನೂ ಪಕ್ಕದಲ್ಲೇ ಕೇಳಿಸಿಕೊಂಡಿರಬೇಕು. ಅದು ಸುಳ್ಳು. ಬಾ.