ಅಕ್ಕ ಮಾತ್ರೆ ಬಿಡಬಾರದು

ಆಸ್ಪತ್ರೆ, ಮೊದಲ ಮಹಡಿ
ಸೋಮವಾರ ಬೆಳಿಗ್ಗೆ

ಅಕ್ಕನ ಮಗಳು ಪುಟ್ಟಿಗೆ, ನಿನ್ನ ಕ್ರೇನ್ ಮಾವ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಈ ವಾರ್ಡಿನಲ್ಲಿ ಕ್ಷೇಮವಾಗಿರುವುದು ಗೋಡೆ ಗಡಿಯಾರ ಒಂದೇ. ಫೋನಿಗೆ ಬಾಯಿಟ್ಟರೆ ನನಗೆ ಬಡಾಯಿಯೇ ಬರುತ್ತದೆ, ಅದಕ್ಕೇ ಕಾಗದ. ನಮ್ಮ ಲಾರಿ ಡ್ರೈವರ್ ಇದನ್ನು ತಂದುಕೊಟ್ಟ ಕೂಡಲೇ ಅಕ್ಕನನ್ನು ಅವಳ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಿನ್ನೆ ಫೋನಿನಲ್ಲಿ ಅವಳಿಗೆ, ಕೊಲೆಸ್ಟ್ರಾಲ್ ಮಾತ್ರೆ ನನ್ನನ್ನು ಮಲಗಿಸಿತು ಎಂದಷ್ಟೇ ಹೇಳಿದೆ. "ಹಾಗಾದ್ರೆ ನನಗೂ ಅದು ಬೇಡ ಕಣೋ, ಕಸದ ಬುಟ್ಟಿಗೆ ಹಾಕ್ದೆ" ಅಂದಳು. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡವಳು! ಹಾಗೆ ಮಾಡಬೇಡ ಅನ್ನಬೇಕಿತ್ತು. ಬೇಡ ಅಂದರೆ ಯಾಕೆ ಎಂದು ಕೇಳುತ್ತಾಳೆ, ನನ್ನ ಬಡಾಯಿಯ ಕತೆ ಹೇಳಬೇಕಾಗುತ್ತದೆ. ಸುಮ್ಮನೆ ಹೂಂ ಅಂದೆ.

ಮನೆ ಸಾಮಾನು ಸಾಗಿಸುವವರಲ್ಲಿ ನಿನ್ನ ಮಾವನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಕಬ್ಬಿಣದ ಬೀರು ಬೆನ್ನಿಗೆ ಕಟ್ಟಿಕೊಂಡು ಮೂರನೇ ಮಹಡಿ ಹತ್ತಿ, ಮೇಲೆ ನಿಂತು ಸಿಳ್ಳೆ ಹೊಡೆದವನು. ಅಂಥವನಿಗೆ ಕೆಮ್ಮು ಬಂತು. ಹೊಸ ಕ್ಲಿನಿಕ್ಕಿನ ಡಾಕ್ಟರಮ್ಮ, "ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ?" ಎಂದು ಕೇಳಿದಳು. ಬಾಗಿಲಲ್ಲಿ ನಮ್ಮ ಹಮಾಲರಿಬ್ಬರು ಕಿವಿ ನಿಮಿರಿಸಿ ನಿಂತಿದ್ದರು. ಎದೆ ಉಬ್ಬಿಸಿ, "ಮಾತ್ರೆನಾ? ಈ ಮೈ ನೋಡಿ ಕೇಳ್ತಾ ಇದೀರಾ?" ಅಂದೆ. ದಿನಾ ಕದ್ದು ನುಂಗುತ್ತಿದ್ದ ಕೊಲೆಸ್ಟ್ರಾಲ್ ಮಾತ್ರೆಯ ಹೆಸರು ಬಾಯಿಗೆ ಬರಲಿಲ್ಲ. ಅವಳು ಕೆಮ್ಮಿಗೆ ಮಾತ್ರೆ ಕೊಟ್ಟಳು. ಎರಡನ್ನೂ ನುಂಗಿದೆ.

ಮೊದಲು ತೊಡೆ ಹಿಡಿಯಿತು, ಆಮೇಲೆ ಭುಜ. "ಕ್ರೇನ್ ಕೆಟ್ಟಿದೆ, ಮೆಕ್ಯಾನಿಕ್ ಕರೀರೋ" ಎಂದು ಹಮಾಲರು ನಕ್ಕರು. ನಾನೂ ನಕ್ಕು ಇನ್ನೊಂದು ಫ್ರಿಜ್ ಹೊತ್ತೆ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಉಷ್ಣ ಎಂದುಕೊಂಡೆ. ಕೊನೆಗೆ ಕಕ್ಕಸಿನಲ್ಲಿ ಕೂತವನಿಗೆ ಏಳಲಾಗಲಿಲ್ಲ. ಆ ಹಮಾಲರೇ ನನ್ನನ್ನು ಬೀರು ಹೊತ್ತಂತೆ ಹೊತ್ತು ತಂದರು. ಮೆಟ್ಟಿಲಿನ ತಿರುವಿನಲ್ಲಿ "ನಿಧಾನ, ಮೂಲೆ ತಾಗೀತು" ಅಂತ ನಾನೇ ಹೇಳಿದೆನಂತೆ.

ನನ್ನ ಮಾಂಸಖಂಡ ಒಳಗೊಳಗೇ ಕರಗಿ, ರಕ್ತಕ್ಕಿಳಿದು, ಕಿಡ್ನಿಯನ್ನು ಕೆಡಿಸಿದೆಯಂತೆ. ದಿನ ಬಿಟ್ಟು ದಿನ ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಾರೆ. ಕಿಡ್ನಿ ಮತ್ತೆ ಕೆಲಸ ಶುರುಮಾಡುತ್ತದೆಯೇ ಎಂದು ಕೇಳಿದರೆ ಡಾಕ್ಟರು "ನೋಡೋಣ" ಎನ್ನುತ್ತಾರೆ, ನನ್ನ ಮುಖ ನೋಡುವುದಿಲ್ಲ. ಬರೀ ಕೊಲೆಸ್ಟ್ರಾಲ್ ಮಾತ್ರೆಯಿಂದ ಇಷ್ಟಾಗುವುದು ತೀರಾ ಅಪರೂಪವಂತೆ. ಕೆಮ್ಮಿನ ಮಾತ್ರೆ ಜೊತೆ ಸೇರಿ ಅದು ಮೈಯಲ್ಲಿ ಮಿತಿಮೀರಿತಂತೆ. "ಒಂದು ಮಾತು ಹೇಳಿದ್ರೆ ಆ ಕ್ಲಿನಿಕ್ಕಿನವರು ಕೆಮ್ಮಿಗೆ ಬೇರೆ ಮಾತ್ರೆ ಕೊಡ್ತಿದ್ರಲ್ರೀ" ಎಂದರು.

ಇದನ್ನು ಅಕ್ಕನಿಗೆ ಹೇಳಬೇಡ. ಏನಾದರೊಂದು ನೆಪ ಹೂಡಿ ಕರೆದುಕೊಂಡು ಹೋಗು. ಅವಳ ಕಣ್ಣಿಗಾದರೂ ನಾನು ಕ್ರೇನಾಗೇ ಇರಲಿ.

ಇತಿ, ನಿನ್ನ ಮದುವೆಯ ಮಂಚವನ್ನು ಒಬ್ಬನೇ ಹೊತ್ತು ತಂದ
ಕ್ರೇನ್ ಮಾವ

ತಾಜಾ ಕಲಂ: ಮಾವನ ಅಕ್ಷರ ಇಷ್ಟು ದುಂಡಗಾಯಿತೇ ಎಂದು ಬೆರಗಾಗಬೇಡ. ಬರೆದದ್ದು ನರ್ಸಮ್ಮ. ನನಗೆ ಪೆನ್ನು ಎತ್ತಲಾಗುತ್ತಿಲ್ಲ. ಬರೆದು ಮುಗಿಸಿ ಅವಳು, "ನೆಪ ಹೇಳಿದ್ರೆ ನಿಮ್ಮಕ್ಕ ಬರ್ತಾರಾ, ಕ್ರೇನ್ ಅವ್ರೇ?" ಎಂದು ಕೇಳಿದಳು. ಬರುವುದಿಲ್ಲ. ತಮ್ಮನನ್ನು ಕೆಡವಿದ ಮಾತ್ರೆಯನ್ನು ಅವಳು ಯಾರ ಮಾತಿಗೂ ಮುಟ್ಟುವವಳಲ್ಲ. ಆದ್ದರಿಂದ ನೆಪ ಬೇಡ. ಅವಳ ಎದುರು ಕೂತು ಈ ಕಾಗದ ಗಟ್ಟಿಯಾಗಿ ಓದು. "ಈ ಮೈ ನೋಡಿ ಕೇಳ್ತಾ ಇದೀರಾ" ಎಂಬುದನ್ನು ಎರಡು ಸಲ ಓದು.