ಮಹರ್‌ನ ಉಂಗುರ

ಮಡಂತ್ಯಾರು
12-8-2018

ತಮ್ಮ ಹನೀಫಾನಿಗೆ,

ಅಸ್ಸಲಾಮು ಅಲೈಕುಂ. ಇಲ್ಲಿ ಎಲ್ಲರೂ ಸೌಖ್ಯ.

ನಿಕಾಹಿನಲ್ಲಿ ನನ್ನ ಮಗ ಹೆಂಡತಿಗೆ ಮಹರ್ ಕೊಡಲೆಂದು ನೀನು ದುಬೈಯಿಂದ ತಂದ ವಜ್ರದ ಉಂಗುರ ನನ್ನ ಸೊಸೆ ಮುರ್ಶಿದಾಳ ಬೆರಳಿಗೆ ಸಡಿಲವಾಗಿತ್ತು. ಸರಿಮಾಡಿಸಲು ಇಬ್ಬರೂ ಮಂಗಳೂರಿಗೆ ಹೋದೆವು. ಅಂಗಡಿಯವನು ಪೆನ್ನಿನಂಥ ಯಂತ್ರವನ್ನು ಕಲ್ಲಿಗೆ ಮುಟ್ಟಿಸಿ ವಜ್ರವೇ ಎಂದ. ಭೂತಗನ್ನಡಿ ಹಿಡಿದು, ಹಳದಿ ಛಾಯೆಯಿಲ್ಲ, ಒಳಗೆ ಕಲೆಯಿಲ್ಲ, ಕಟಿಂಗ್ ಉತ್ತಮ ಎಂದ.

"ಸ್ವಲ್ಪ ಜೋರಾಗಿ ಹೇಳಿ, ಸೊಸೆಗೂ ಕೇಳಲಿ" ಎಂದೆ.

ಆಗ ಅವನು ಕಲ್ಲಿನ ಅಂಚು ನೋಡಿ, "ಇದು ಗಣಿಯದ್ದಲ್ಲ ಅಮ್ಮ, ಲ್ಯಾಬಿನಲ್ಲಿ ಬೆಳೆಸಿದ್ದು. ಇಲ್ಲೇ ಸಣ್ಣದಾಗಿ ಬರೆದುಂಟು" ಎಂದು ಅಷ್ಟೇ ಜೋರಾಗಿ ಹೇಳಿದ.

ನೀನು ತಿಳಿದೇ ತಂದೆಯೋ ಎಂದು ಕೇಳುವುದಿಲ್ಲ. ನಿಕಾಹಿನ ದಿನ ಅವಳ ತಾಯಿಯೆದುರು ಅದನ್ನು ಗಣಿಯ ವಜ್ರವೆಂದು ಹೊಗಳಿದವಳು ನಾನು. ಮಹರ್ ಕೊಟ್ಟ ಮೇಲೆ ಅದು ಅವಳ ಸ್ವತ್ತು, ಹಿಂದೆ ಕೇಳುವ ಹಾಗಿಲ್ಲ. ಬೇರೆ ತರಿಸುತ್ತೇನೆಂದರೆ, "ಇದೇ ಚಂದ ಉಂಟು" ಎನ್ನುತ್ತಾಳೆ.

ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದು, "ಬೇಜಾರು ಮಾಡಬೇಡಿ ಮಾಮಿ, ಉಮ್ಮನಿಗೆ ನಾನು ಹೇಳುವುದಿಲ್ಲ" ಎಂದಳು. ಒಳ್ಳೆಯ ಹುಡುಗಿ. ಅದೇ ಕಷ್ಟ. ಅಂದಿನಿಂದ ಅವಳು ಮಾಡಿದ ಮೀನುಸಾರಿಗೆ ಉಪ್ಪು ಹೆಚ್ಚಾದರೂ ನನಗೆ ಬಾಯಿ ಬಿಡಲಾಗುತ್ತಿಲ್ಲ. ನಿನ್ನೆ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿಟ್ಟು, "ಸರಿ ಉಂಟಲ್ಲ ಮಾಮಿ?" ಎಂದಳು.

ಸರಿ ಉಂಟು ಎಂದೆ.

ನೀನು ರಜೆಯಲ್ಲಿ ಬಂದ ಕೂಡಲೇ ಅವಳ ತಾಯಿಗೆ ವಿಷಯ ಹೇಳಿಬಿಡು. ಆ ಹೆಂಗಸು ಊರಿಡೀ ಹೇಳಿಕೊಂಡು ನಗಲಿ. ನನ್ನ ಅಡುಗೆಮನೆ ನನಗೆ ಬೇಕು.

ದುವಾದೊಂದಿಗೆ,
ನಿನ್ನ ಅಕ್ಕ
ಅವ್ವಮ್ಮ