ಚಳಿಯಲ್ಲೇ ಬಿಡಬೇಕಿದ್ದ ಗಿಡ

ವೆಲ್ಡ್‌ಹೋವನ್
18 ಫೆಬ್ರವರಿ 2025

ಪ್ರೀತಿಯ ಅನ್ವಿತಾ,

ಹೇಗಿದ್ದೀ ಮಗಾ? ಡೀಮೆನ್‌ನ ಹೊಸ ಮನೆ ಒಗ್ಗಿತೇ? ಕಾಗದ ತಡವಾಯಿತು, ಬೈಯಬೇಡ. 'ಚಿ. ಸೌ.' ಎಂದು ಬರೆಯಬಹುದೋ ಇಲ್ಲವೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ವಿಚ್ಛೇದನಕ್ಕೆ ನೀನೂ ಶ್ರೀಜಿತನೂ ಸಹಿ ಹಾಕಿದ್ದೀರಿ, ಸರಿ. ನನ್ನ ಕೈಗೆ ಇನ್ನೂ ಅಭ್ಯಾಸ ತಪ್ಪಿಲ್ಲ.

ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ನಿನ್ನ ಎಡೆಲ್‌ವೈಸ್ ಗಿಡ ಸತ್ತುಹೋಯಿತು. ನಾನೇ ಕೊಂದೆ.

ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಆ ಬಿಳಿ ಹೂವನ್ನು ನೋಡಿ ಮರುಳಾಗಿ, ಅಂಗಡಿಯಿಂದ ಬೀಜ ತಂದು, ಜಲ್ಲಿಕಲ್ಲು ತುಂಬಿದ ಕುಂಡದಲ್ಲಿ ಬೆಳೆಸಿದವಳು ನೀನು. ಕಳೆದ ಬೇಸಿಗೆಯಲ್ಲಿ ಮೊದಲ ಹೂ ಬಿಟ್ಟಾಗ ನೀನು ಕಳಿಸಿದ ಫೋಟೋವನ್ನು ಉಡುಪಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದ್ದೆ. ನವೆಂಬರಿನಲ್ಲಿ ನಾನು ಬರುವಾಗ ನೀನು ಈ ಮನೆ ಬಿಟ್ಟಾಗಿತ್ತು. ಹಿತ್ತಲಲ್ಲಿ ಗಿಡವೂ ಒಣಗಿ ಕಡ್ಡಿಯಾಗಿತ್ತು. ಫೋನ್ ಮಾಡಿದರೆ ನೀನು, "ಅದು ಹಾಗೇ ಅತ್ತೆ, ಚಳಿಯಲ್ಲಿ ಮಲಗ್ತದೆ. ಹೊರಗೇ ಇರಲಿ, ಮುಟ್ಟಬೇಡಿ" ಎಂದೆ. ನನ್ನ ತಲೆಗೆ ಹೋಗಲಿಲ್ಲ. ಅಂಥ ಚಳಿಯಲ್ಲಿ ಒಂದು ಗಿಡವನ್ನು ಹೊರಗೆ ಬಿಟ್ಟು ಒಳಗೆ ಬೆಚ್ಚಗೆ ಕೂತು ಚಹಾ ಕುಡಿಯುವುದು ಹೇಗೆ? ಎತ್ತಿ ತಂದು ಹೀಟರಿನ ಪಕ್ಕ ತುಳಸಿಯ ಜೊತೆ ಇಟ್ಟೆ. ದಿನಾ ಸ್ನಾನ ಮಾಡಿ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಚೊಂಬು.

ಸ್ವಲ್ಪ ದಿನಕ್ಕೆ ಬಿಳಿಚಿದ ಚಿಗುರು ಬಂತು! "ನೋಡಿದ್ಯಾ, ನಿನ್ನ ಹೆಂಡತಿಗಿಂತ ನನಗೇ ಗೊತ್ತುಂಟು" ಎಂದು ಶ್ರೀಜಿತನ ಮುಂದೆ ಜಂಬ ಕೊಚ್ಚಿಕೊಂಡೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬುಡ ಕೊಳೆತು, ಮುಟ್ಟಿದರೆ ಕೈಗೇ ಬಂತು.

"ಒಂದು ಗಿಡ ತಾನೆ ಅಮ್ಮ, ಬೇರೆ ತಂದುಕೊಟ್ಟರಾಯ್ತು" ಎಂದ ಶ್ರೀಜಿತ. ಅವನಿಗೆ ಎಲ್ಲವೂ ಅಷ್ಟೇ. "ನಿನ್ನ ಈ ಬುದ್ಧಿಗೇ ಅವಳು ಹೋದದ್ದು" ಎಂದುಬಿಟ್ಟೆ. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ನನ್ನ ವೀಸಾ ಮುಗಿಯುತ್ತ ಬಂತು, ಶನಿವಾರ ವಿಮಾನ. ಕುಂಡ ತೊಳೆದು ಹಿತ್ತಲಲ್ಲಿಟ್ಟಿದ್ದೇನೆ. ನಿನಗೆಂದು ತಂದ ಮಿಡಿ ಉಪ್ಪಿನಕಾಯಿಯನ್ನು ಅಂಚೆಯಲ್ಲಿ ಕಳಿಸಲು ಅವನಿಗೆ ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅತ್ತೆ (ಬೇರೆ ಏನೆಂದು ಬರೆಯಲಿ?),
ಪುಷ್ಪಾವತಿ

ತಾ.ಕ.: ಇದೊಂದನ್ನು ಹೇಳದೆ ವಿಮಾನ ಹತ್ತಲಾರೆ. ಗಿಡ ಕೊಳೆಯುವ ಮೊದಲೇ ಶ್ರೀಜಿತ ಅದನ್ನು ಕಾರಿನಲ್ಲಿ ನಿನಗೆ ತಲುಪಿಸಲು ಹೊರಟಿದ್ದ. ಬೇಡವೆಂದು ತಡೆದವಳು ನಾನು. ಅದು ಇಲ್ಲಿದ್ದರೆ, ಒಯ್ಯಲಿಕ್ಕಾದರೂ ನೀನು ಒಮ್ಮೆ ಬರುತ್ತೀ, ನಿನಗೊಂದು ಊಟ ಬಡಿಸಬಹುದು ಎಂದುಕೊಂಡಿದ್ದೆ.